ಫ್ಯೂಸ್ ಮಾವ ಎದ್ದು ಬಂದ ಮೇಲೆ

ಚಿರಂಜೀವಿ ಆಮೇಲೆಗೆ, ನಿನ್ನ ಅತ್ತೆಯ ಆಶೀರ್ವಾದಗಳು.

ಮೀಸೆ ನರೆತ ಮೇಲೂ ಇದೇ ಹೆಸರು ಹಿಡಿದು ಕರೆಯುತ್ತಾಳಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಳ್ಳಬೇಡ. ಹೆಸರಿಟ್ಟವರು ನಿನ್ನ ಮಾವ. ಯಾವ ಕತೆ ಹೇಳಿದರೂ ಮುಗಿಯುವ ಮೊದಲೇ "ಆಮೇಲೆ?" ಎಂದು ಅವರ ಅಂಗಿ ಎಳೆಯುತ್ತಿದ್ದೆಯಲ್ಲ, ಅದಕ್ಕೆ. ಅವರು ಇಟ್ಟು ಹೋದದ್ದನ್ನು ಬದಲಾಯಿಸಲು ನನಗೆ ಮನಸ್ಸಿಲ್ಲ.

ಮೊದಲು ಎಲ್ಲರ ಕ್ಷೇಮ ತಿಳಿಸು. ನನ್ನ ತಮ್ಮ, ನಿಮ್ಮಪ್ಪ ದೊರೆ, ಬೆಳಗಿನ ನಡಿಗೆ ಬಿಟ್ಟಿಲ್ಲ ತಾನೆ? ಮಂಡಿ ನೋವು ಎಂದರೆ ನಂಬಬೇಡ. ಶಾಲೆಗೆ ಹೋಗಲು ಬೇಜಾರಾದಾಗಲೂ ಅವನು ಇದೇ ಮಂಡಿ ತೋರಿಸುತ್ತಿದ್ದ. ನಿಮ್ಮಮ್ಮನ ಬಿಪಿ ಹೇಗಿದೆ? ನಿನ್ನ ಹೆಂಡತಿಗೆ ಹೊಸ ಆಫೀಸು ಹಿಡಿಸಿತೇ? ನಿನ್ನ ಮಗಳು ಗುಂಡಮ್ಮನಿಗೆ ಮುಂದಿನ ಹಲ್ಲು ಬಂತೇ, ಇನ್ನೂ ಗಾಳಿಯಲ್ಲೇ ಮಾತಾಡುತ್ತಿದ್ದಾಳೋ? ಇಲ್ಲಿ ಮಗಳು ಚೆನ್ನಾಗಿದ್ದಾಳೆ. ಅಳಿಯನಿಗೆ ಬಸ್ಸಿನ ರೂಟು ಬದಲಾಗಿದೆ, ದಿನವಿಡೀ ಸ್ಟಿಯರಿಂಗು ತಿರುಗಿಸಿ ಬಂದು ಕೂತಲ್ಲೇ ತೂಕಡಿಸುತ್ತಾನೆ. ನಾನಿದ್ದೇನೆ. ಕಾಯಿಲೆ ಎಂದು ಹೇಳುವಂಥದ್ದೇನೂ ಇಲ್ಲ, ಸುಸ್ತು ಅಷ್ಟೆ. ಮಲಗಿ ಎದ್ದರೂ ಹೋಗದಂಥ ಸುಸ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಸೂಜಿಗೆ ದಾರ ಹಾಕುವಷ್ಟರಲ್ಲೇ ಸಾಕಪ್ಪ ಅನ್ನಿಸುತ್ತದೆ.

ಮೊನ್ನೆ ನಿಮ್ಮಮ್ಮ ಫೋನು ಮಾಡಿದ್ದಳು. ನೀನು ಬರೆದ ಮೂರನೇ ಸಿನಿಮಾ ತೋಪಾದ ಮೇಲೆ ನೀನು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲವಂತೆ, ತಟ್ಟೆ ಒಳಗೆ ಹೋದ ಹಾಗೇ ವಾಪಸ್ ಬರುತ್ತದಂತೆ. ಪೇಪರಿನವರು ಬರೆದದ್ದು, ಮೊಬೈಲಿನಲ್ಲಿ ಹುಡುಗರು ಗೇಲಿ ಮಾಡಿದ್ದು, ಎಲ್ಲವನ್ನೂ ಕೂತು ಓದುತ್ತೀಯಂತೆ. ಆಮೇಲೆ ಅವಳು ದನಿ ಇಳಿಸಿ ಹೇಳಿದಳು: "ಅಕ್ಕಾ, ಅವನು ನಿಮ್ಮ ಬಾಯಿಂದ ಒಂದು ಮಾತು ಕೇಳ್ಬೇಕಂತೆ. ಜಗತ್ತು ಏನಾದ್ರೂ ಅನ್ಲಿ, ಸಿನಿಮಾದಲ್ಲಿ ಮಾವ ಎದ್ದು ಬಂದಿದ್ದು ಅತ್ತೆಗೆ ಇಷ್ಟ ಆಯ್ತಾ ಅಂತ ಕೇಳು ಅಂದ. ಆಯ್ತು ಅಂದ್ರೆ ನಾಲ್ಕನೆಯದಕ್ಕೆ ಒಪ್ಕೋತಾನಂತೆ, ಪೂರ್ತಿ ಮಾವನದೇ ಕತೆಯಂತೆ. ನಿಮ್ಮ ಗುಂಡಿ ಡಬ್ಬೀಲಿರೋ ಆ ಹಳೇ ಫ್ಯೂಸೂ ಬೇಕಂತೆ, ಪರದೆ ತುಂಬ ಅದನ್ನೇ ತೋರಿಸ್ತಾನಂತೆ."

ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಫೋನು ಕೈಗೆ ಬಂದರೆ ನನ್ನ ಬಾಯಿ ತಾನಾಗಿ "ಚೆನ್ನಾಗಿದೆ" ಎನ್ನುತ್ತದೆ. ಹೇಗಿದ್ದೀಯ ಎಂದರೂ ಚೆನ್ನಾಗಿದ್ದೇನೆ, ಬಟ್ಟೆ ಹೇಗಿದೆ ಎಂದರೂ ಚೆನ್ನಾಗಿದೆ. ಅದಕ್ಕೇ ಕಾಗದ ಬರೀತೀನಿ ಎಂದು ಇಟ್ಟುಬಿಟ್ಟೆ. ನನ್ನ ಕಾಗದ ನಿನಗೆ ಹೊಸದೇನಲ್ಲ. ಶಾಲೆಯ ಮುಖ ಸರಿಯಾಗಿ ಕಾಣದವಳು ನಾನು, ಬಟ್ಟೆ ಕಟ್ಟಿ ಬಂದ ಪೇಪರು ಬಿಡಿಸಿ ಅಕ್ಷರ ಕೂಡಿಸಿಕೊಂಡವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಸಿನಿಮಾ ನೋಡಿದೆ. ಮಗಳು, ಅಳಿಯ, ನಾನು, ಮೂವರೂ ಹೋಗಿದ್ದೆವು. ಮೊದಲನೆಯದಕ್ಕೆ ಟಿಕೀಟು ಸಿಗದೆ ಎರಡು ಸಲ ವಾಪಸ್ ಬಂದಿದ್ದೆವಲ್ಲ, ಅದೇ ಟಾಕೀಸು. ಈ ಸಲ ಎಲ್ಲಿ ಬೇಕಾದರೂ ಕೂತುಕೊಳ್ಳಿ ಅಂದರು. ಅಳಿಯ ದೀಪ ಆರಿದ ಕೂಡಲೇ ಗೊರಕೆ ಶುರು ಮಾಡಿದ. ಮಗಳು ಚಿವುಟಲು ಹೋದಳು, ಮಲಗಲಿ ಬಿಡೆ ಅಂದೆ. ಪರದೆ ಮೇಲೆ ಆಗಲೇ ಯಾವುದೋ ಗಾಜಿನ ಗೋಪುರದ ತುದಿಗೆ ಹೆಲಿಕಾಪ್ಟರಿನಿಂದ ಹಗ್ಗ ಇಳಿಬಿಟ್ಟಿದ್ದರು. ಕಳ್ಳರೆಲ್ಲ ಕರಿ ಬಟ್ಟೆ ತೊಟ್ಟು ಬೆವರೇ ಇಲ್ಲದೆ ಜೋತಾಡುತ್ತಿದ್ದರು. ಇವರು ಸಿಕ್ಕಿಬೀಳುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಇನ್ನು ಎಚ್ಚರವಾಗಿ ಕೂತು ಮಾಡುವುದಾದರೂ ಏನು?

ಮೊದಲನೆಯದು ಹೀಗಿರಲಿಲ್ಲ ಕಣೋ. ನೀನು ಬರೆದ ಮೊದಲ ಕತೆ. ನಿನ್ನ ಮಾವನ ಪಕ್ಕದಲ್ಲಿ ಕೂತು ನೋಡಿದ್ದೆ. ಲಿಫ್ಟ್ ರಿಪೇರಿಯ ಒಬ್ಬ ಮುದುಕ, ಮೂವರು ಕೆಲಸವಿಲ್ಲದವರು, ಮೇಲಿನ ಮಹಡಿಯಲ್ಲಿ ಒಬ್ಬ ಒಡವೆ ವ್ಯಾಪಾರಿಯ ತಿಜೋರಿ. ಅಷ್ಟೆ ಕತೆ. ಆ ಮುದುಕ ಕೆಲಸ ಶುರು ಮಾಡುವ ಮೊದಲು ಟೆರೇಸಿನ ಮೆಷಿನ್ ರೂಮಿಗೆ ಹೋಗಿ, ಬಿಳಿ ಪಿಂಗಾಣಿಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲಿನಿಂದ ಒಂದು ಸಲ ತಟ್ಟಿ ನೋಡಿಕೊಂಡನಲ್ಲ, ನಾನು ಪಕ್ಕಕ್ಕೆ ತಿರುಗಿದೆ. ನಿನ್ನ ಮಾವ ಕತ್ತಲಲ್ಲಿ ತಮ್ಮ ಜೇಬು ತಟ್ಟಿಕೊಳ್ಳುತ್ತಿದ್ದರು.

ಲಿಫ್ಟ್ ರಿಪೇರಿ ಅವರ ಕೆಲಸ, ಫ್ಯೂಸು ಜೇಬಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಲಿಫ್ಟು ಓಡಾಡುವ ಬಾವಿಯಂಥ ಗುಂಡಿಯೊಳಗೆ ಇಳಿದವನು ಹೊರಗಿನವರಿಗೆ ಕಾಣುವುದಿಲ್ಲ. ಯಾರೋ ಅವಸರದವನು ಬಂದು ಸ್ವಿಚ್ಚು ಹಾಕಿದರೆ ಮುಗಿಯಿತು. ಕೆಲಸ ನಡೆಯುತ್ತಿದೆ ಎಂದು ಬೋರ್ಡು ತೂಗುಹಾಕಿ ಎಂದು ಕಂಪನಿಯವರು ಹೇಳಿದ್ದರು. ಇವರು ಹಾಕುತ್ತಲೂ ಇದ್ದರು. ಆದರೆ, "ಬೋರ್ಡು ಓದೋ ತಾಳ್ಮೆ ಯಾರಿಗಿದೆ ಮಾರಾಯ್ತಿ? ಫ್ಯೂಸು ನನ್ನ ಜೇಬಲ್ಲಿದ್ರೇನೇ ನನ್ನ ತಲೆ ನಂದು" ಎನ್ನುತ್ತಿದ್ದರು. ತಲೆ ಉಳಿಯಿತು, ಸರಿ. ಆದರೆ ಕೆಲಸ ಮುಗಿಸಿದ ಖುಷಿಯಲ್ಲಿ ಫ್ಯೂಸನ್ನು ವಾಪಸ್ ಹಾಕುವುದನ್ನು ಮರೆತು ನೆಟ್ಟಗೆ ಮನೆಗೆ ಬಂದುಬಿಡುತ್ತಿದ್ದರಲ್ಲ, ಅದಕ್ಕೇನು ಹೇಳೋಣ! ಅಲ್ಲಿ ಇಡೀ ಕಟ್ಟಡದವರು ಇವರಿಗೆ ಶಾಪ ಹಾಕುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಇಲ್ಲಿ ಇವರು ಕೈ ತೊಳೆದು ಊಟಕ್ಕೆ ಕೂತಾಗ ಜೇಬಿನಿಂದ ಟಣ್ ಎಂದು ಬೀಳುತ್ತಿತ್ತು. ಅರ್ಧ ಊಟದಲ್ಲೇ ಎದ್ದು ಅದನ್ನು ವಾಪಸ್ ಹಾಕಲು ಓಡುತ್ತಿದ್ದರು. ನೀನು ರಜಕ್ಕೆ ಬಂದಾಗ ಎಷ್ಟು ಸಲ ಬಿದ್ದು ಬಿದ್ದು ನಕ್ಕಿದ್ದೀಯ. ನಾನು ಮಾತ್ರ ನಗುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲೇ ನಿಂತು "ರೀ, ಬರುವಾಗ ಜೇಬು ನೋಡ್ಕೊಂಡು ಬನ್ರೀ" ಎಂದು ಕೂಗುತ್ತಿದ್ದೆ. "ನೋಡ್ಕೋತೀನಿ ತಾಯಿ" ಎಂದು ಹೋಗುತ್ತಿದ್ದರು. ನೋಡಿಕೊಳ್ಳುತ್ತಿರಲಿಲ್ಲ.

ಅದನ್ನೆಲ್ಲ ನೀನು ಕದ್ದೆ. ಕದ್ದಿದ್ದಕ್ಕೆ ನನಗೆ ಬೇಜಾರಿಲ್ಲ, ಹೆಮ್ಮೆ. ನಿನ್ನ ಸಿನಿಮಾದ ಕಳ್ಳರು ಒಡವೆ ತುಂಬಿಕೊಂಡು ವ್ಯಾನು ಹತ್ತಿ ಅರ್ಧ ದಾರಿ ಬಂದಾಗ, ಆ ಮುದುಕ ಕರ್ಚೀಪಿಗೆಂದು ಜೇಬಿಗೆ ಕೈ ಹಾಕುತ್ತಾನೆ, ಫ್ಯೂಸು ಬರುತ್ತದೆ. ಉಳಿದವರು ಕುಣಿಯುತ್ತಾರೆ, ಲಿಫ್ಟಿಲ್ಲದೆ ಕಾವಲಿನವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪಾರಾದೆವಲ್ಲ ಎಂದು. ಮುದುಕ ಕುಣಿಯುವುದಿಲ್ಲ. "ಮೇಲಿನ ಮಹಡೀಲಿ ಗಾಲಿ ಕುರ್ಚಿ ಅಜ್ಜಿ ಇದ್ದಾರೆ ಕಣ್ರೋ. ನಾಳೆ ಅವರು ಆಸ್ಪತ್ರೆಗೆ ಹೋಗೋ ದಿನ. ಗಾಡಿ ನಿಲ್ಸಿ" ಎನ್ನುತ್ತಾನೆ. ಇಳಿದು ವಾಪಸ್ ಹೋಗುತ್ತಾನೆ, ಪೊಲೀಸರು ಓಡಾಡುತ್ತಿರುವ ಕಟ್ಟಡಕ್ಕೇ. ಹೊರಗೆ ಬಂದಾಗ ಎಲ್ಲರ ಬಾಯಲ್ಲೂ ಫ್ಯೂಸ್ ಮಾವ, ಫ್ಯೂಸ್ ಮಾವ. ನಿಜವಾದ ಫ್ಯೂಸ್ ಮಾವ ನನ್ನ ಪಕ್ಕದಲ್ಲಿ ಚಪ್ಪಲಿ ಹುಡುಕುತ್ತಿದ್ದರು. "ನಾನೆಲ್ಲಿ ಕಳ್ಳತನ ಮಾಡಿದ್ದೆ? ಊರೆಲ್ಲ ನನ್ನ ಮಾನ ಕಳೆದ ನಿನ್ನ ತಮ್ಮನ ಮಗ" ಎಂದು ಗೊಣಗುತ್ತಾ ದಾರಿಯುದ್ದಕ್ಕೂ ನಗುತ್ತಿದ್ದರು.

ಎರಡನೆಯದನ್ನು ನೀನು ಬರೆದಾಗ ಅವರಿರಲಿಲ್ಲ. ಅದರಲ್ಲಿ ನೀನು ಫ್ಯೂಸ್ ಮಾವನನ್ನೂ ಕಳಿಸಿಕೊಟ್ಟೆ. ಎಲ್ಲರನ್ನೂ ಮೊದಲು ಕೆಳಗಿಳಿಸಿ, ಮೆಷಿನ್ ರೂಮಿನ ಗೋಡೆಗೆ ಒರಗಿ ಕೂತು, ಅಲ್ಲೇ ಕಣ್ಣು ಮುಚ್ಚಿದ. ಚಿಕ್ಕ ಕಳ್ಳ ಬಂದು, ಅವನ ಅಂಗೈಯಿಂದ ಫ್ಯೂಸು ಬಿಡಿಸಿಕೊಂಡು, ಅದರ ಜಾಗಕ್ಕೆ ಹಾಕಿದ. ಲಿಫ್ಟು ಖಾಲಿಯಾಗೇ ಕೆಳಗಿಳಿದು ಹೋಯಿತು. ನಾನು ಎದ್ದು ಹೊರಗೆ ಬಂದು ಪೋಸ್ಟರಿನ ಪಕ್ಕದ ಬೆಂಚಿನಲ್ಲಿ ಕೂತೆ. ನೀನು ಹಿಂದೆಯೇ ಓಡಿ ಬಂದೆ. ಆಗ ನಾನು ಒಂದು ಮಾತು ಅಂದೆ, ನೆನಪಿದೆಯಾ? "ಇನ್ನೊಂದಷ್ಟು ದಿನ ಇಟ್ಕೋಬಾರದಿತ್ತಾ ಕಣೋ? ನಿನ್ನ ಕೈಲಿತ್ತಲ್ಲ."

ಅಳುವವಳ ಮಾತು ಅದು. ಅದನ್ನು ನೀನು ಗಂಟು ಹಾಕಿಕೊಂಡು ಹೋಗಿ, ಇಷ್ಟು ವರ್ಷ ಇಟ್ಟುಕೊಂಡು, ಮೂರನೆಯದರಲ್ಲಿ ನನಗೆ ತಂದುಕೊಟ್ಟೆ. ನನಗೆ ಗೊತ್ತು ಮಗು, ಕಾಸಿಗಾಗಿ ಎಬ್ಬಿಸಿದ ಎಂದು ಪೇಪರಿನವರು ಬರೆದರಲ್ಲ, ಅದು ಸುಳ್ಳು. ನನಗಾಗಿ ಎಬ್ಬಿಸಿದೆ. ಅದಕ್ಕೇ ನಿಜ ಹೇಳುವುದು ಇಷ್ಟು ಕಷ್ಟವಾಗುತ್ತಿದೆ.

ಮಧ್ಯಂತರದ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು, ಹೊಗೆ ಬಂತು, ಹೊಗೆಯೊಳಗಿಂದ ಕಪ್ಪು ಕನ್ನಡಕ ಹಾಕಿಕೊಂಡು ಫ್ಯೂಸ್ ಮಾವ ಬಂದ. ಇಷ್ಟು ದಿನ ಯಾವುದೋ ಸಮುದ್ರದ ದಂಡೆಯಲ್ಲಿ ಅಡಗಿದ್ದನಂತೆ. ಮುಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಅಳಿಯ ಎದ್ದು ಕೂತು "ಏನಾಯ್ತು, ಸ್ಟಾಪ್ ಬಂತಾ?" ಎಂದ. ಮಗಳು ನನ್ನ ಕೈ ಹಿಡಿದುಕೊಂಡಳು. ನಾನು ಅಳುತ್ತೇನೆ ಎಂದುಕೊಂಡಳೇನೋ. ನನಗೆ ಬಂದದ್ದು ಅಳುವಲ್ಲ ಕಣೋ, ಸಿಟ್ಟು. ಗಂಡ ಹೇಳದೆ ಕೇಳದೆ ಊರು ಬಿಟ್ಟು ಹೋಗಿ ಬಂದಾಗ ಬರುವ ಸಿಟ್ಟು. ಇಷ್ಟು ದಿನ ಎಲ್ಲಿದ್ರಿ? ನಿಮ್ಮ ಪಿಂಚಣಿ ಕಾಗದಕ್ಕೆ ನಾನು ಎಷ್ಟು ಬಾಗಿಲು ತಟ್ಟಿದೆ, ನಿಮ್ಮ ಅಂಗಿಗಳ ಕಾಲರು ಕಿತ್ತು ಯಾರ್ಯಾರಿಗೋ ಅಳತೆ ಮಾಡಿ ಕೊಟ್ಟೆ, ನೀವು ನೋಡಿದರೆ ಸಮುದ್ರದ ದಂಡೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಿರಾ? ಒಂದು ಗಳಿಗೆ, ನಿಜವಾಗಿಯೂ ಒಂದು ಗಳಿಗೆ, ನಾನು ಪರದೆಯವನನ್ನು ಬೈಯಲು ಬಾಯಿ ತೆರೆದಿದ್ದೆ.

ಆಮೇಲೆ ಅವನು ಆ ಮಾತು ಅಂದ. "ಸತ್ತಿದ್ದೂ ಪ್ಲಾನೇ ಕಣ್ರೋ."

ಆ ಒಂದು ಮಾತು ನನಗೆ ಜೀರ್ಣವಾಗಿಲ್ಲ. ಯಾವುದು ಪ್ಲಾನು? ನೀನಿದ್ದೆಯಲ್ಲ ಅಲ್ಲಿ. ಆಸ್ಪತ್ರೆಯ ಆ ವಾರ್ಡಿನಲ್ಲಿ ನಿನ್ನ ಮಾವ ಕೆಮ್ಮುವಾಗ ಬೇಸಿನ್ನು ಹಿಡಿದವನು ನೀನು. ನರ್ಸಮ್ಮ ಹಾಸಿಗೆ ಬದಲಾಯಿಸುವಾಗ ಅವರನ್ನು ಹಸುಗೂಸಿನ ಹಾಗೆ ಎತ್ತಿಕೊಂಡವನು ನೀನು. ಕೊನೆಗೆ ಮಾತು ನಿಂತ ಮೇಲೂ ಆಸ್ಪತ್ರೆಯ ಅಂಗಿಯ ಎದೆಯ ಮೇಲೆ ಕೈ ಹೋಗುತ್ತಿತ್ತು, ತಟ್ಟಿ ನೋಡಿಕೊಳ್ಳಲು. ಆ ಅಂಗಿಗೆ ಜೇಬಿರಲಿಲ್ಲ. ನಾನು ಅದನ್ನು ನೋಡಲಾರದೆ ಒಂದು ಚೂರು ಬಟ್ಟೆ ತಂದು ಅಲ್ಲೇ ಕೂತು ಜೇಬು ಹೊಲಿದೆ. ನರ್ಸಮ್ಮ ಬೈಯುತ್ತಾಳೆ ಎಂದು ನೀನು ಬಾಗಿಲಲ್ಲಿ ಕಾವಲು ನಿಂತೆ. ನಾವಿಬ್ಬರೂ ಸೇರಿ ಮಾಡಿದ ಕಳ್ಳತನ ಅದೊಂದೇ. ಅದರಲ್ಲಿ ಹೊಗೆಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಅದೆಲ್ಲ ಪ್ಲಾನು ಎಂದು ನಿನ್ನ ಪೆನ್ನಿನಿಂದಲೇ ಹೇಗೆ ಬಂತೋ?

ಇನ್ನೊಂದು. ಮೊದಲನೆಯದರಲ್ಲಿ ಫ್ಯೂಸ್ ಮಾವನಿಗೆ ಹೆಂಡತಿ ಇದ್ದಳು. ಎರಡೇ ಮಾತು ಅವಳಿಗೆ, ಆದರೂ ಇದ್ದಳು. ಬಾಗಿಲಲ್ಲಿ ನಿಂತು "ಜೇಬು ನೋಡ್ಕೊಳ್ರೀ" ಎನ್ನುತ್ತಿದ್ದಳು. ಮೂರನೆಯದರಲ್ಲಿ ಗಂಡ ಬದುಕಿ ಬಂದ. ಅವಳಿಗೆ ತಿಳಿಸಿದನೇ? ಅವಳ ಗತಿ ಏನಾಯಿತು? ಯಾರೂ ಕೇಳಲಿಲ್ಲ. ನಾನು ಕೊನೆಯ ಹೆಸರುಗಳು ಓಡಿ ಮುಗಿಯುವವರೆಗೂ ಕಾದೆ. ಕಸ ಗುಡಿಸುವವಳು ಬಂದು "ಅಮ್ಮಾ, ಮುಗೀತು, ಏಳಿ" ಎಂದಳು.

ಆಗಿನಿಂದ ಶುರುವಾಗಿದೆ ಈ ಸುಸ್ತು. ಅಂಗಡಿಗೆ ಹೋದರೆ, "ಯಜಮಾನ್ರು ವಾಪಸ್ ಬಂದ್ರಂತಲ್ಲಮ್ಮ!" ಎಂದು ನಗುತ್ತಾರೆ. ಮೇಲಿನ ಮನೆಯ ಟೀಚರು ಮೆಟ್ಟಿಲಲ್ಲಿ ನಿಲ್ಲಿಸಿ, "ನಿಮಗೆ ಎಷ್ಟು ಸಮಾಧಾನ ಆಗಿರಬೇಕು" ಎಂದರು. ಹೌದು ಎಂದು ತಲೆಯಾಡಿಸಿದೆ. ಒಳ್ಳೆಯವರು, ಏನೆಂದು ಬಿಡಿಸಿ ಹೇಳಲಿ? ಒಬ್ಬರನ್ನು ಕಳಿಸಿಕೊಟ್ಟು, ಬಾಗಿಲು ಹಾಕಿಕೊಂಡು, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು ಸುಲಭದ ಕೆಲಸವಲ್ಲ. ಹೇಗೋ ನಿಂತಿದ್ದೆ. ಈಗ ದಿನಾ ಯಾರಾದರೊಬ್ಬರು ಬಂದು ಬಾಗಿಲು ತಟ್ಟಿ "ಬಂದ್ರು" ಎನ್ನುತ್ತಾರೆ. ತೆರೆದು ನೋಡಿದರೆ ಯಾರೂ ಇರುವುದಿಲ್ಲ. ನಾಲ್ಕನೆಯದು ಬಂದರೆ ಇನ್ನೊಂದಷ್ಟು ವರ್ಷ ಇದೇ ಆಗುತ್ತದೆ. ನನ್ನ ಕೈಯಲ್ಲಾಗುವುದಿಲ್ಲ ಮಗು.

ಹೊಲಿಗೆಯವಳ ಮಾತಿನಲ್ಲಿ ಹೇಳಲೇ? ಹಳೆಯ ಅಂಗಿ ಬಿಗಿಯಾಯಿತು, ಬಿಡಿಸಿಕೊಡಿ ಎಂದು ಜನ ತರುತ್ತಾರೆ. ನಾನು ಮೊದಲು ಒಳಗಿನ ಮಡಿಕೆ ನೋಡುತ್ತೇನೆ. ಅಲ್ಲಿ ಬಟ್ಟೆ ಉಳಿದಿದ್ದರೆ ಬಿಡಿಸಬಹುದು. ಎರಡನೆಯದನ್ನು ನೀನು ಹಾಗೆ ಬಿಡಿಸಿದೆ. ಅದೇ ಬಣ್ಣ, ಅದೇ ನೂಲು. ಮೂರನೆಯದಕ್ಕೆ ಒಳಗೇನೂ ಉಳಿದಿರಲಿಲ್ಲ. ಅದಕ್ಕೇ ಹೊಳೆಯುವ ಬೇರೆ ತುಂಡು ತಂದು ಜೋಡಿಸಿದೆ. ದೂರದಿಂದಲೇ ಜೋಡಣೆ ಕಾಣುತ್ತದೆ. ನಿನ್ನ ಕೈ ಕೆಟ್ಟಿದೆ ಎಂದಲ್ಲ. ಅದೇ ಮೂರನೆಯದರಲ್ಲಿ, ಪಾರ್ಕಿಂಗಿನಲ್ಲಿ ಇಬ್ಬರು ಕಳ್ಳರು ಕಾಯುತ್ತಾ, ಮನೆಯಲ್ಲಿ ಗ್ಯಾಸ್ ಆರಿಸಿದ್ದು ನೀನಾ ನಾನಾ ಎಂದು ಜಗಳವಾಡುತ್ತಾರಲ್ಲ, ಅಲ್ಲಿ ನಾನು ಜೋರಾಗಿ ನಕ್ಕೆ. ಅದು ನೀನು. ಅದರಲ್ಲಿ ಮಾವನೂ ಇಲ್ಲ, ನಾನೂ ಇಲ್ಲ, ಹಳೆಯದು ಯಾವುದೂ ಇಲ್ಲ. ನೀನೊಬ್ಬನೇ ಇದ್ದೆ, ಚೆನ್ನಾಗಿದ್ದೆ. ಈ "ಚೆನ್ನಾಗಿದೆ" ಫೋನಿನದಲ್ಲ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಇಷ್ಟವಾಗಲಿಲ್ಲ. ಅವರನ್ನು ಇನ್ನು ಎಬ್ಬಿಸಬೇಡ. ಇದು ನಿನ್ನ ಮೇಲಿನ ಮುನಿಸಲ್ಲ, ನನ್ನ ಬೇಡಿಕೆ. ನಿರ್ಮಾಪಕರು ಏನೇ ಅಂದರೂ, ಅತ್ತೆ ಒಪ್ಪಲಿಲ್ಲ ಎಂದುಬಿಡು. ಮುದುಕಿಯ ಹಟ ಎಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ.

ಫ್ಯೂಸನ್ನೂ ಕೊಡುವುದಿಲ್ಲ. ಅವರು ಕೆಲಸದಿಂದ ಬಿಡುಗಡೆಯಾದ ದಿನ ಜೇಬಿನಲ್ಲಿ ಬಂದದ್ದು ಅದು. ಅವತ್ತು ಆ ಹಳೆಯ ಲಿಫ್ಟನ್ನೇ ಬಿಚ್ಚಿ ಹಾಕಿದ್ದರಿಂದ ವಾಪಸ್ ಕೊಡಲು ಜಾಗವಿರಲಿಲ್ಲ. ಆ ಒಂದು ಸಲ ಮಾತ್ರ ಅವರು ಊಟದ ಮಧ್ಯೆ ಏಳಲಿಲ್ಲ. ನೀನು ಕೇಳಿದ ಮೇಲೆ ಗುಂಡಿ ಡಬ್ಬಿ ತೆರೆದು ಅದನ್ನು ಹೊರಗೆ ತೆಗೆದೆ. ಪಿಂಗಾಣಿಗೆ ಒಂದು ಸಣ್ಣ ಬಿರುಕು ಬಂದಿದೆ. ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಅವರ ಮರೆವಿಗೇ ಬೈದುಕೊಂಡೆ. ಕೀಳುತ್ತಿದ್ದುದು ಯಾಕೆ ಎಂಬುದನ್ನು ಯೋಚಿಸಲೇ ಇಲ್ಲ. ಒಳಗೆ ಮನುಷ್ಯ ಇದ್ದಾನೆ, ಹೊರಗಿನವರಿಗೆ ಕಾಣುವುದಿಲ್ಲ, ಅದಕ್ಕೆ.

ಈಗ ಒಳಗಿರುವವನು ನೀನು. ಆ ಕೋಣೆಯಲ್ಲಿ, ಆ ಕತ್ತಲಲ್ಲಿ. ಹೊರಗೆ ಅವಸರದವರು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾರೆ, ನಾಲ್ಕನೆಯದು, ಐದನೆಯದು ಎಂದು. ಅದಕ್ಕೇ ಫ್ಯೂಸು ಕಿತ್ತು ನನ್ನ ಜೇಬಿಗೆ ಹಾಕಿಕೊಂಡಿದ್ದೇನೆ. ಹೊಲಿಗೆಯವಳಿಗೆ ಜೇಬಿಗೇನು ಬರ? ಈ ಕಾಗದ ಬರೆಯುವಾಗಲೂ ಎರಡು ಸಲ ತಟ್ಟಿ ನೋಡಿಕೊಂಡೆ. ಒಂದಷ್ಟು ದಿನ ಲಿಫ್ಟು ಓಡದಿದ್ದರೆ ಏನೂ ಆಗುವುದಿಲ್ಲ, ಜನ ಗೊಣಗುತ್ತಾ ಮೆಟ್ಟಿಲು ಹತ್ತುತ್ತಾರೆ. ನೀನು ನಿಧಾನವಾಗಿ ಹತ್ತಿ ಹೊರಗೆ ಬಾ. ಕೈ ತೊಳೆದುಕೋ, ತಟ್ಟೆಯಲ್ಲಿದ್ದದ್ದನ್ನು ತಿನ್ನು, ಗುಂಡಮ್ಮನ ಹಲ್ಲು ನೋಡು. ಆ ಗ್ಯಾಸ್ ಆರಿಸುವ ಇಬ್ಬರ ಕತೆಯೋ, ಇನ್ಯಾವುದೋ ನಿನ್ನದೇ ಕತೆಯೋ ಕೈಗೆ ಬಂದ ದಿನ ಇಲ್ಲಿಗೆ ಬಂದು ಫ್ಯೂಸು ಕೇಳು. ಮರೆಯದೆ ಕೊಡುತ್ತೇನೆ.

ನಿನ್ನ ಮಾವನ ಕತೆಗಳು ಹೇಗೆ ಮುಗಿಯುತ್ತಿದ್ದವು ನೆನಪು ಮಾಡಿಕೋ. ಯಾವ ಕಟ್ಟಡದ್ದಾದರೂ ಸರಿ, ಎಂಥ ಫಜೀತಿಯಾದರೂ ಸರಿ, ನೀನು "ಆಮೇಲೆ? ಆಮೇಲೆ?" ಎಂದು ಪೀಡಿಸಿದಾಗ ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳುತ್ತಿದ್ದುದು ಒಂದೇ: "ಆಮೇಲೇನು? ಫ್ಯೂಸು ಹಾಕಿದೆ, ಮನೆಗೆ ಬಂದೆ, ಉಂಡು ಮಲಗಿದೆ." ನೀನು ಅಲ್ಲಿಗೆ ಸುಮ್ಮನಾಗಿ ಅವರ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೆ. ಎರಡನೆಯದರ ಕೊನೆಯಲ್ಲಿ ಆಗಿದ್ದೂ ಅಷ್ಟೇ. ಫ್ಯೂಸು ಅದರ ಜಾಗಕ್ಕೆ ಹೋಯಿತು. ಅವರು ಮನೆಗೆ ಬಂದರು. ಮಲಗಿದ್ದಾರೆ. ಮಲಗಲಿ ಬಿಡು.

ಗುಂಡಮ್ಮನಿಗೆ ಒಂದು ಲಂಗ ಹೊಲಿದಿಟ್ಟಿದ್ದೇನೆ, ಎರಡೂ ಕಡೆ ಜೇಬಿಟ್ಟು. ಅಳತೆ ಗೊತ್ತಿಲ್ಲದೆ ಅಂದಾಜಿಗೆ ಹೊಲಿದೆ, ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೇನೆ. ನಿಮ್ಮಪ್ಪ ದೊರೆಗೆ ನಡಿಗೆ ಬಿಡಬೇಡ ಎಂದೆ ಎಂದು ಹೇಳು. ಹೊಟ್ಟೆ ತಣ್ಣಗಿರಲಿ, ನಿನ್ನ ಕೈಗೆ ಹೊಸ ಕತೆ ಹತ್ತಲಿ.

ನಾಲ್ಕನೆಯದನ್ನು ಬರೆಯಬೇಡ. ನನಗೆ ಕಾಗದ ಬರೆ, ಬೇಗ ಬರೆ. ಸಿಟ್ಟು ಬಂದಿದ್ದರೆ ಸಿಟ್ಟನ್ನೇ ಬರೆ. ಪೋಸ್ಟಿನವನು ಬರುವ ಹೊತ್ತಿಗೆ ಮೆಷಿನ್ನು ನಿಲ್ಲಿಸಿ ಬಾಗಿಲಲ್ಲಿ ಕೂತಿರುತ್ತೇನೆ.

ಇಂತಿ,
ಜೇಬು ತಟ್ಟಿಕೊಳ್ಳುತ್ತಾ ಕಾಯುತ್ತಿರುವ
ನಿನ್ನ ಅತ್ತೆ